ನಳದ ನೀರು: ಬಂದ ದಿನ, ಬಾರದ ದಿನ

ಜೂನ್ ತಿಂಗಳು ಬಂತೆಂದರೆ ಧಾರವಾಡದ ಸಪ್ತಾಪುರ, ಕಲ್ಯಾಣನಗರಗಳ ಓಣಿಗಳಲ್ಲಿ 'ರೂಮು ಬಾಡಿಗೆಗೆ ಇದೆ' ಎಂಬ ಫಲಕಗಳು ತೂಗತೊಡಗುತ್ತವೆ. ವಿಜಯಪುರ, ಬಾಗಲಕೋಟೆ, ಗದಗ, ಕಾರವಾರಗಳಿಂದ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದ ತಂದೆ-ತಾಯಂದಿರು ರೂಮಿನ ಗೋಡೆ, ಕಿಟಕಿ, ಮಂಚ ಎಲ್ಲವನ್ನೂ ನೋಡಿ ಮುಗಿಸಿ ಮನೆಯ ಮಾಲಕರಿಗೆ ಕೊನೆಯದಾಗಿ ಕೇಳುವ ಪ್ರಶ್ನೆ ಒಂದೇ: "ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ್ರೀ?"

ಈ ಭಾಗದ ಕನ್ನಡದಲ್ಲಿ ನೀರು ಯಾವಾಗಲೂ ಬಹುವಚನ. ನೀರು ಬರುತ್ತದೆ ಎನ್ನುವುದಿಲ್ಲ, 'ನೀರ ಬರ್ತಾವ' ಎನ್ನುತ್ತಾರೆ. ಇಷ್ಟೊಂದು ಮರ್ಯಾದೆಯಿಂದ ಕರೆಸಿಕೊಂಡರೂ ಅವು ಬರುವುದು ಮಾತ್ರ ಅಪರೂಪಕ್ಕೆ. ಅವಳಿ ನಗರದ ಬಹಳಷ್ಟು ಬಡಾವಣೆಗಳು ದಿನ ಎಣಿಸಿ ನಳದ ಮುಂದೆ ಕಾಯುವುದನ್ನು ದಶಕಗಳಿಂದ ರೂಢಿ ಮಾಡಿಕೊಂಡಿವೆ.

ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ನೀರನ್ನು ಹಾಗೆಯೇ ಕುಡಿಯಬಹುದೇ? ಕೆಲವರಿಗೆ ಇದು ಕೇಳುವ ಪ್ರಶ್ನೆಯೇ ಅಲ್ಲ. 'ಮಲಪ್ರಭಾ ನೀರು, ಅಜ್ಜನ ಕಾಲದಿಂದ ಕುಡಿದೀವಿ, ಏನಾಗೇತಿ?' ಎಂಬುದು ಅವರ ಉತ್ತರ. ಇನ್ನು ಕೆಲವರು ದುಡ್ಡು ಕೊಟ್ಟು ತಂದ ಕ್ಯಾನಿನ ನೀರಲ್ಲದೆ ಬೇರೆಯದನ್ನು ಮಕ್ಕಳ ಬಾಯಿಗೆ ಮುಟ್ಟಿಸುವುದಿಲ್ಲ. ಇಬ್ಬರೂ ನೀರು ಎಲ್ಲಿಂದ ಬರುತ್ತದೆ ಎಂಬುದನ್ನಷ್ಟೇ ನೋಡುತ್ತಾರೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದರಲ್ಲಿಯೇ ಅಡಗಿದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದೇ ಅದನ್ನು ಕುಡಿಯಬಹುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇದು ಊಹೆಯ ಮಾತಲ್ಲ, ಈ ಊರಿನ ನಳಗಳಲ್ಲಿಯೇ ಅಳೆದು ನೋಡಿದ ಸಂಗತಿ.

ಕೆರೆಯಿಂದ ನದಿಗೆ

ಒಂದು ಕಾಲಕ್ಕೆ ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ ನೀರುಣಿಸುತ್ತಿದ್ದವು. ಊರು ಬೆಳೆಯಿತು, ಕೆರೆಗಳು ಸಾಲದಾದವು. 1950ರ ದಶಕದಲ್ಲಿ ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ ಬೇಡ್ತಿಯ ಹರಿವಿಗೆ ಅಡ್ಡಕಟ್ಟಿ ನೀರಸಾಗರವನ್ನು ನಿರ್ಮಿಸಲಾಯಿತು. 1962ರಲ್ಲಿ ಎರಡೂ ಊರುಗಳು ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಬಾಯಾರಿಕೆಯೂ ಒಂದಾಯಿತು. 1980ರ ದಶಕದಿಂದ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಪಂಪಿನ ಬಲದಿಂದ ಏರಿ ಬರತೊಡಗಿತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯ ಹಿಂದಿನ ಜಲರಾಶಿಯೇ ರೇಣುಕಾಸಾಗರ. ಯಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಅದನ್ನು ನೋಡಿರುತ್ತಾರೆ. ತಮ್ಮ ಮನೆಯ ಕೊಡದಲ್ಲಿರುವುದು ಅದೇ ನೀರೆಂದು ಹೊಳೆಯುವುದು ಕೆಲವರಿಗೆ ಮಾತ್ರ.

2016-17ರ ಬರದಲ್ಲಿ ನೀರಸಾಗರ ಬತ್ತಿಹೋದಾಗ ಊರಿನ ಭಾರವೆಲ್ಲ ಮಲಪ್ರಭೆಯ ಮೇಲೆ ಬಿತ್ತು. 2019ರ ಭಾರಿ ಮಳೆಗೆ ನೀರಸಾಗರ ಮತ್ತೆ ತುಂಬಿತು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಕಳಸಾ-ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಿಕೊಳ್ಳಲು ಹಂಚಿಕೆಯಾದದ್ದು 3.9 ಟಿಎಂಸಿ. ಈ ಹೋರಾಟದ ಕತೆ ದೊಡ್ಡದು, ಅದು ಬೇರೆಯೇ ಲೇಖನ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ನದಿಗೆ ನೀರು ಹೆಚ್ಚಿದ ಮಾತ್ರಕ್ಕೆ ನಳದ ನೀರು ಶುದ್ಧವಾಗುವುದಿಲ್ಲ.

ಮಲಪ್ರಭೆಯ ನೀರು ಧಾರವಾಡ ಸಮೀಪದ ಅಮ್ಮಿನಭಾವಿಯಲ್ಲಿ ಶುದ್ಧೀಕರಣಗೊಳ್ಳುತ್ತದೆ. ಶುದ್ಧೀಕರಣದ ಕ್ರಮ ಜಗತ್ತಿನ ಬಹುತೇಕ ನಗರಗಳಲ್ಲಿರುವುದೇ. ರಾಡಿ ನೀರಿಗೆ ಪಟಿಕ ಬೆರೆಸುತ್ತಾರೆ. ನೀರಿನಲ್ಲಿ ತೇಲಾಡುವ ಸೂಕ್ಷ್ಮ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಗಳಂತೆ ಕೂಡಿಕೊಂಡು ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಮರಳಿನ ಹಾಸಿನ ಮೂಲಕ ಸೋಸುತ್ತಾರೆ. ಕೊನೆಗೆ ಕ್ಲೋರಿನ್. ರೋಗಾಣುಗಳನ್ನು ಅಲ್ಲಿಯೇ ಕೊಲ್ಲುವುದು ಅದರ ಮೊದಲ ಕೆಲಸ. ಸ್ವಲ್ಪ ಭಾಗ ನೀರಿನಲ್ಲಿಯೇ ಉಳಿದು, ದಾರಿಯುದ್ದಕ್ಕೂ ಕಾವಲುಗಾರನಂತೆ ಜೊತೆಗೆ ಸಾಗುವುದು ಎರಡನೆಯ ಕೆಲಸ. ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಎಂಬ ಮಾನದಂಡದ ಪ್ರಕಾರ, ಕ್ಲೋರಿನ್ ಬೆರೆಸಿದ ನೀರು ಬಳಕೆದಾರರ ನಳವನ್ನು ತಲುಪಿದಾಗ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 100 ಮಿಲಿಲೀಟರ್ ನೀರಿನಲ್ಲಿ ಈ-ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಒಂದೂ ಸಿಗಬಾರದು. ಈ-ಕೋಲಿ ಸಿಕ್ಕಿತೆಂದರೆ ಎಲ್ಲಿಯೋ ಮಲ ಬೆರೆತಿದೆ ಎಂದೇ ಅರ್ಥ. ನಳದ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಎಂದು ಹಾಸ್ಟೆಲಿನ ಹುಡುಗರು ಮೂಗು ಮುರಿಯುವುದುಂಟು. ಆ ನಸು ವಾಸನೆ ಇರುವವರೆಗೂ ಕಾವಲುಗಾರ ಬದುಕಿದ್ದಾನೆಂದು ತಿಳಿಯಬೇಕು.

ಖಾಲಿ ಕೊಳವೆಯ ಕರಾಮತ್ತು

ಹಾಗಾದರೆ ತೊಂದರೆ ಎಲ್ಲಿ? ಸೈಕಲ್ಲಿನ ಪಂಕ್ಚರ್ ಅಂಗಡಿಯಲ್ಲಿ ನಿಂತು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗಾಳಿ ತುಂಬಿದ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿದಾಗ ತೂತಿನಿಂದ ಗುಳ್ಳೆಗಳು ಹೊರಗೆ ಬರುತ್ತವೆ, ಬುಟ್ಟಿಯ ನೀರು ಒಳಗೆ ಹೋಗುವುದಿಲ್ಲ. ಅದೇ ಟ್ಯೂಬು ಗಾಳಿ ಇಲ್ಲದೆ ಸಡಿಲಾಗಿ ಬಿದ್ದಿದ್ದರೆ ನೀರು ತೂತಿನಿಂದ ಒಳಗೆ ನುಗ್ಗುತ್ತದೆ. ನೆಲದಡಿಯ ನೀರಿನ ಕೊಳವೆಯದೂ ಇದೇ ನ್ಯಾಯ. ಸೋರದ ಕೊಳವೆ ಯಾವ ಊರಿನಲ್ಲಿಯೂ ಇಲ್ಲ. ಒಳಗೆ ಒತ್ತಡ ಇರುವವರೆಗೆ ಶುದ್ಧ ನೀರು ಹೊರಗೆ ಸೋರುತ್ತದೆ. ಅದು ಪಾಲಿಕೆಗೆ ನಷ್ಟ, ಆರೋಗ್ಯಕ್ಕಲ್ಲ. ವಾಲ್ವ್ ಬಂದ್ ಆಗಿ ಒತ್ತಡ ಇಳಿದ ಗಳಿಗೆಯಿಂದ ಲೆಕ್ಕ ತಿರುಗುಮುರುಗು. ಈಗ ಹೊರಗಿನದು ಒಳಗೆ ಬರುತ್ತದೆ.

ಹೊರಗೆ ಇರುವುದೇನು? ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ನಳದ ಕೊಳವೆ ಮತ್ತು ಗಟಾರ ಅಕ್ಕಪಕ್ಕದ ಮನೆಯವರಂತೆ ಬಾಳುತ್ತವೆ. ಎಷ್ಟೋ ಕಡೆ ಮನೆಗೆ ಹೋಗುವ ಸಣ್ಣ ಕೊಳವೆ ಗಟಾರವನ್ನು ದಾಟಿಯೇ ಹೋಗಬೇಕು. ಮಳೆಗಾಲದಲ್ಲಿ ಗಟಾರ ಉಕ್ಕಿದಾಗ ಸುತ್ತಲಿನ ಮಣ್ಣೆಲ್ಲ ಹೊಲಸು ನೀರಿನಿಂದ ನೆನೆದಿರುತ್ತದೆ. ಕೊಳವೆ ಖಾಲಿ ಇದ್ದಷ್ಟೂ ದಿನ ಆ ನೀರಿಗೆ ಬಾಗಿಲು ತೆರೆದಂತೆಯೇ. ಇದರ ಮೇಲೆ, ನೀರು ಸಣ್ಣಗೆ ಬರುತ್ತದೆಂದು ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವ ಜಾಣರಿದ್ದಾರೆ. ಅವರು ಎಳೆಯುವುದು ನೆರೆಮನೆಯವರ ಪಾಲನ್ನಷ್ಟೇ ಅಲ್ಲ, ಕೊಳವೆಯ ಸುತ್ತಲಿನ ಹೊಲಸನ್ನೂ ಕೂಡ.

ಈ ಮಾತನ್ನು ಅಂಕಿಗಳಲ್ಲಿ ತೋರಿಸಲು ಒಂದು ಅವಕಾಶ ಅವಳಿ ನಗರಕ್ಕೇ ಒದಗಿತು. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ ಬೆಳಗಾವಿ, ಕಲಬುರ್ಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಹೊಸ ಕೊಳವೆ, ಮೀಟರು ಹಾಕಿ ದಿನದ 24 ತಾಸೂ ನೀರು ಕೊಡುವ ಪ್ರಯೋಗ 2008ರ ಸುಮಾರಿಗೆ ಆರಂಭವಾಯಿತು. ಊರಿನ ಉಳಿದ ಭಾಗಕ್ಕೆ ಹಳೆಯ ಪದ್ಧತಿಯೇ ಮುಂದುವರಿಯಿತು. ಮೂಲ ಒಂದೇ ಊರಿನದು, ಪದ್ಧತಿ ಎರಡು! ಪ್ರಯೋಗಶಾಲೆಯಲ್ಲಿ ಬೇಕೆಂದರೂ ಸಿಗದ ಹೋಲಿಕೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು ಎರಡೂ ಬಗೆಯ ವಾರ್ಡುಗಳ ನಳಗಳಿಂದ ನೀರು ಹಿಡಿದು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿರಂತರ ನೀರಿನ ವಾರ್ಡುಗಳಲ್ಲಿ ಈ-ಕೋಲಿ ಕಂಡದ್ದು ನೂರಕ್ಕೆ 0.7 ಮಾದರಿಗಳಲ್ಲಿ, ಅಂದರೆ ಸಾವಿರಕ್ಕೆ ಏಳರಲ್ಲಿ. ದಿನ ಬಿಟ್ಟು ಬರುವ ನೀರಿನಲ್ಲಿ ನೂರಕ್ಕೆ 31.7. ಮೂರು ನಳಗಳಲ್ಲಿ ಹೆಚ್ಚುಕಡಿಮೆ ಒಂದು!

ಮಳೆಗಾಲದಲ್ಲಿ ಮೂಲದ ನೀರು ಸ್ವಲ್ಪ ಕೆಟ್ಟರೂ ನಿರಂತರ ಸರಬರಾಜಿನ ನಳಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ದಿನ ಬಿಟ್ಟು ಬರುವ ನಳಗಳು ಮಾತ್ರ ಬೇಸಿಗೆಗಿಂತ ಹೆಚ್ಚು ಕೆಟ್ಟವು. ದೋಷ ಮಲಪ್ರಭೆಯದಲ್ಲ, ದಾರಿಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಅದೇ ಸಂಶೋಧಕರು ಮರುವರ್ಷ ಇನ್ನೊಂದು ಸಂಗತಿಯನ್ನು ತೋರಿಸಿದರು. ಬಹಳ ದಿನ ಬಂದ್ ಇದ್ದು ನೀರು ಬಿಟ್ಟ ಕೂಡಲೇ ಬರುವ ಮೊದಲ ಹರಿವಿನಲ್ಲಿ ರಾಡಿಯೂ ಹೆಚ್ಚು, ಬ್ಯಾಕ್ಟೀರಿಯಾವೂ ಹೆಚ್ಚು. ಹರಿವು ಜೋರಾದಂತೆ ನೀರು ಸುಧಾರಿಸುತ್ತದೆ, ಒತ್ತಡ ತೀರ ಕಡಿಮೆಯಾದಾಗ ಮತ್ತೆ ಕೆಡುತ್ತದೆ. ಮೊದಲು ಬಂದ ಕೆಂಪು ನೀರನ್ನು ಬಚ್ಚಲಿಗೂ ಗಿಡಗಳಿಗೂ ಬಿಟ್ಟು, ತಿಳಿಯಾದ ಮೇಲೆ ಕುಡಿಯುವ ಕೊಡ ಹಿಡಿಯುವ ಹೆಣ್ಣುಮಕ್ಕಳು ಈ ಶಾಸ್ತ್ರವನ್ನು ಯಾವ ಪತ್ರಿಕೆಯಲ್ಲಿಯೂ ಓದಿದವರಲ್ಲ.

ಕುಡಿದವರಿಗೆ ಏನಾಯಿತು?

ನೀರಿನಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದ ಮಾತ್ರಕ್ಕೆ ಎಲ್ಲರೂ ಹಾಸಿಗೆ ಹಿಡಿಯುತ್ತಾರೆಯೇ? 2010ರ ನವೆಂಬರ್‌ನಿಂದ ಒಂದು ವರ್ಷ ಕಾಲ ಅವಳಿ ನಗರದ 3,900ಕ್ಕೂ ಹೆಚ್ಚು ಕುಟುಂಬಗಳನ್ನು ಸಂದರ್ಶಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೋಡಿತು. ಫಲಿತಾಂಶ ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಎರಡೂ ಬಗೆಯ ವಾರ್ಡುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಭೇದಿಗೆ ನೀರೊಂದೇ ದಾರಿಯಲ್ಲ. ಕೈ, ನೊಣ, ಅಂಗಳ, ಆಹಾರ ಎಲ್ಲವೂ ದಾರಿಗಳೇ. ಆದರೆ ನಿರಂತರ ನೀರಿನ ವಾರ್ಡುಗಳ ಮಕ್ಕಳಲ್ಲಿ ರಕ್ತಭೇದಿ ನೂರಕ್ಕೆ 37ರಷ್ಟು ಕಡಿಮೆಯಿತ್ತು. ಟೈಫಾಯಿಡ್ ಬಂದಿತ್ತೆಂದು ಹೇಳಿದ ಕುಟುಂಬಗಳ ಪ್ರಮಾಣ ನೂರಕ್ಕೆ 42ರಷ್ಟು ಕಡಿಮೆಯಿತ್ತು.

ಟೈಫಾಯಿಡ್ ಎಂದರೆ ವಿದ್ಯಾರ್ಥಿಗೆ ವಾರಗಟ್ಟಲೆ ಹಾಸಿಗೆ. ಪರೀಕ್ಷೆಯ ಹೊತ್ತಿಗೆ ಬಂತೆಂದರೆ ಒಂದು ವರ್ಷವೇ ಹೋದಂತೆ.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 1892ರಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ, ಅದೇ ಎಲ್ಬ್ ನದಿಯ ನೀರನ್ನೇ, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲೆ ಎತ್ತಿಕೊಳ್ಳುತ್ತಿದ್ದ ಅಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಅಲ್ಟೋನಾ ನೀರನ್ನು ಮರಳಿನಲ್ಲಿ ಸೋಸುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ನಮ್ಮದೇ ದೆಹಲಿಯಲ್ಲಿ 1955-56ರಲ್ಲಿ ಯಮುನೆಯ ನೀರೆತ್ತುವ ಸ್ಥಳಕ್ಕೆ ಕೊಳಚೆ ನುಗ್ಗಿ ಸುಮಾರು 29 ಸಾವಿರ ಜನಕ್ಕೆ ಕಾಮಾಲೆಯಾಯಿತು. ಅಲ್ಲಿ ಕ್ಲೋರಿನ್ ಹಾಕಿದ್ದರು. ಟೈಫಾಯಿಡ್ ಹೆಚ್ಚಲಿಲ್ಲ, ಆದರೆ ಕಾಮಾಲೆಯ ವೈರಸ್ಸು ಆ ಪ್ರಮಾಣಕ್ಕೆ ಜಗ್ಗಲಿಲ್ಲ. ದೂರದ ಮಾತೇಕೆ? 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಿಂದ ಜನ ಪ್ರಾಣ ಕಳೆದುಕೊಂಡರು.

ನಳ ದಾಟಿದ ಮೇಲೆ

ನಳದವರೆಗಿನ ಹೊಣೆ ನೀರು ಕೊಡುವವರದು. ಅಲ್ಲಿಂದ ಮುಂದಿನದು ಮನೆಯವರದು. ದಿನ ಬಿಟ್ಟು ಬರುವ ನೀರನ್ನು ಹಂಡೆ, ಕೊಡ, ಬ್ಯಾರಲ್ಲು, ಸಂಪು, ಮಾಳಿಗೆಯ ಟ್ಯಾಂಕು, ಹೀಗೆ ಸಿಕ್ಕಿದ್ದರಲ್ಲೆಲ್ಲ ತುಂಬಿಡಬೇಕು. ತುಂಬಿಟ್ಟ ನೀರಿನ ಕ್ಲೋರಿನ್ ದಿನ ಕಳೆದಂತೆ ಆರಿಹೋಗುತ್ತದೆ. ನಿರಂತರ ನೀರು ಬಂದ ವಾರ್ಡುಗಳಲ್ಲಿಯೂ ಎಷ್ಟೋ ಮನೆಗಳು ತುಂಬಿಡುವ ಚಟವನ್ನು ಬಿಡಲಿಲ್ಲ. ನೀರು ಬಾರದ ದಿನಗಳ ನೆನಪು ಅಷ್ಟು ಬೇಗ ಹೋಗುವುದಿಲ್ಲ.

ಕೊಡದ ನೀರನ್ನು ಕೆಡಿಸುವುದು ಹೆಚ್ಚಾಗಿ ಕೈ. ಗ್ಲಾಸನ್ನೇ ಕೊಡದೊಳಗೆ ಅದ್ದಿದಾಗ ನೀರಿಗೆ ಇಳಿಯುವುದು ಗ್ಲಾಸಷ್ಟೇ ಅಲ್ಲ, ನಾಲ್ಕು ಬೆರಳೂ ಕೂಡ. ಉದ್ದ ಹಿಡಿಕೆಯ ಸೌಟು, ಇಲ್ಲವೆ ನಳ ಜೋಡಿಸಿದ ಪಾತ್ರೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಮಾಳಿಗೆಯ ಟ್ಯಾಂಕಿನ ಮುಚ್ಚಳ ಹಾರಿಹೋಗಿ ವರ್ಷವಾದರೂ ಯಾರೂ ಹತ್ತಿ ನೋಡದ ಬಾಡಿಗೆ ಮನೆಗಳಿವೆ. ರೂಮು ಹುಡುಕುವ ತಂದೆ ಒಮ್ಮೆ ಆ ಟ್ಯಾಂಕಿನೊಳಗೆ ಇಣುಕಿದರೆ, ಮಾಲಕರು ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ.

ಅಜ್ಜಿಯ ತಾಮ್ರದ ಹಂಡೆಗೆ ವಿಜ್ಞಾನದ ಬೆಂಬಲ ಸ್ವಲ್ಪ ಸಿಕ್ಕಿದೆ. ಬೆಂಗಳೂರಿನ ಸಂಶೋಧಕರು ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟು ನೋಡಿದಾಗ ಆ ಬ್ಯಾಕ್ಟೀರಿಯಾಗಳು ಬೆಳೆಸಿದರೂ ಬೆಳೆಯದಂತಾಗಿದ್ದವೆಂದು 2012ರಲ್ಲಿ ವರದಿ ಮಾಡಿದರು. 16 ತಾಸು ಎಂಬುದನ್ನು ಮರೆಯಬಾರದು. ತಾಮ್ರದ ಬಾಟಲಿಯಲ್ಲಿ ಹಿಡಿದು ಆಗಲೇ ಕುಡಿದರೆ ಅದು ಬರೀ ನೀರು. ಕಾಮಾಲೆಯ ವೈರಸ್ಸಿನ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ. ಬಟ್ಟೆಯಲ್ಲಿ ಸೋಸುವುದನ್ನೂ ಹಳ್ಳಿಯ ಪದ್ಧತಿ ಎಂದು ನಗಬೇಕಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಪದರ ಮಡಚಿ ನೀರು ಸೋಸಿದ್ದರಿಂದ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರ ಅಧ್ಯಯನ ತೋರಿಸಿತು. ಕಾಲರಾದ ರೋಗಾಣು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಅದು ಸೀರೆಗೆ ಸಿಗುತ್ತದೆ. ಟೈಫಾಯಿಡ್, ಕಾಮಾಲೆಗಳ ರೋಗಾಣುಗಳು ಹಾಗೆ ಸಿಗುವುದಿಲ್ಲ.

ಇವೆಲ್ಲಕ್ಕಿಂತ ನೆಚ್ಚಬಹುದಾದದ್ದು ಒಲೆ. ನೀರು ತಳಮಳ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು, ಬ್ಯಾಕ್ಟೀರಿಯಾ, ವೈರಸ್ಸು ಎರಡೂ ಸಾಯುತ್ತವೆ. ಕಾಲು ತಾಸು ಕುದಿಸಬೇಕೆಂಬುದು ಗ್ಯಾಸಿಗೆ ದಂಡ. ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿ ಆರಿಸಬೇಕು. ತೊಳೆಯದ ಕೊಡಕ್ಕೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಒಲೆ ಇಡಲು ಅನುಮತಿ ಇಲ್ಲದ ರೂಮುಗಳಲ್ಲಿ ಕ್ಲೋರಿನ್ ಮಾತ್ರೆ ನಡೆಯುತ್ತದೆ. ಪಟ್ಟಿಯ ಮೇಲೆ ಬರೆದಷ್ಟೇ ಪ್ರಮಾಣ ಹಾಕಿ ಅರ್ಧ ತಾಸು ಕಾಯಬೇಕು. ನೀರು ರಾಡಿಯಾಗಿದ್ದರೆ ಮೊದಲು ತಿಳಿಗೊಳಿಸದೆ ಮಾತ್ರೆ ಹಾಕಿ ಫಲವಿಲ್ಲ.

ಯಂತ್ರಗಳ ಮಾತು ಬಂದರೆ ಆರ್‌ಒ ಎಂಬ ಹೆಸರು ಎಲ್ಲರ ಬಾಯಲ್ಲಿದೆ. ಆರ್‌ಒ ಯಂತ್ರದ ನಿಜವಾದ ಕೆಲಸ ನೀರಿನಲ್ಲಿ ಕರಗಿದ ಲವಣಗಳನ್ನು ತೆಗೆಯುವುದು. ಅದಕ್ಕಾಗಿ ಅದು ಬಹಳಷ್ಟು ನೀರನ್ನು ಬಚ್ಚಲಿಗೆ ಚೆಲ್ಲುತ್ತದೆ. ವಾರಕ್ಕೊಮ್ಮೆ ನೀರು ಕಾಣುವ ಮನೆಯಲ್ಲಿ ಇದು ಯೋಚಿಸಬೇಕಾದ ಮಾತು. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಒ ಬಳಸದಂತೆ ಕ್ರಮ ಕೈಗೊಳ್ಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರಕಾರಕ್ಕೆ ಸೂಚಿಸಿತ್ತು. ಅಣೆಕಟ್ಟೆಯ ಸಿಹಿನೀರಿಗೆ ಕುದಿಸುವುದು, ಇಲ್ಲವೆ ಅತಿನೇರಳೆ ಕಿರಣದ ಸಾಧಾರಣ ಯಂತ್ರ ಸಾಕು.

ಕೊಳವೆ ಬಾವಿಯ ನೀರು ಬೇರೆ ಜಾತಿ. ಅದರ ಗಡಸುತನ ಸ್ನಾನಕ್ಕೆ ನಿಂತಾಗಲೇ ಗೊತ್ತಾಗುತ್ತದೆ, ಸಾಬೂನು ನೊರೆ ಬಿಡುವುದಿಲ್ಲ. ಗಡಸುತನ ಅಷ್ಟೇನೂ ಅಪಾಯವಲ್ಲ. ಕಣ್ಣಿಗೆ ಕಾಣದ, ರುಚಿಗೂ ಸಿಗದ ಫ್ಲೋರೈಡ್, ನೈಟ್ರೇಟ್‌ಗಳು ಅಪಾಯ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಇವು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತವೆ. ಬಾವಿಯ ನೀರನ್ನೇ ಕುಡಿಯುವ ಮನೆಗಳೂ ಹಾಸ್ಟೆಲುಗಳೂ ಒಮ್ಮೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಲೇಬೇಕು. ಅಂಥ ನೀರಿಗೆ ಆರ್‌ಒ ತಕ್ಕದ್ದು.

ಮತ್ತೆ, ಮನೆಯಲ್ಲಿ ಇಷ್ಟೆಲ್ಲ ಮಾಡಿ ಸಂಜೆ ಗಿರಮಿಟ್ಟಿನ ಗಾಡಿಯ ಮುಂದೆ ನಿಂತಾಗ? ಎಣ್ಣೆಯಿಂದ ಆಗತಾನೆ ಎತ್ತಿದ ಮಿರ್ಚಿಯಲ್ಲಿ ರೋಗಾಣು ಬದುಕಿರುವುದು ಕಷ್ಟ. ಅಂಜಬೇಕಾದದ್ದು ಪಕ್ಕದಲ್ಲಿಟ್ಟ ಗ್ಲಾಸಿನ ನೀರಿಗೆ, ಪಾನಿಪುರಿಯ ಪಾನಿಗೆ.

ನಾಲ್ಕು ಸೀಸೆಗಳ ಪರೀಕ್ಷೆ

ವಿಜ್ಞಾನದ ಮೇಷ್ಟ್ರು ಮನಸ್ಸು ಮಾಡಿದರೆ ಪ್ರೌಢಶಾಲೆಯ ಮಕ್ಕಳೇ ತಮ್ಮ ಓಣಿಯ ನೀರನ್ನು ಪರೀಕ್ಷಿಸಬಹುದು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಎಚ್2ಎಸ್ ಸೀಸೆಯ ವಿಧಾನ ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಔಷಧಿ ಲೇಪಿಸಿದ ಕಾಗದದ ಪಟ್ಟಿ ಇರುವ ಸಣ್ಣ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಜೊತೆಗೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಆ ಅನಿಲ ಔಷಧಿಯಲ್ಲಿರುವ ಕಬ್ಬಿಣದೊಡನೆ ಕೂಡಿ ನೀರನ್ನು ಕಪ್ಪಾಗಿಸುತ್ತದೆ. ಕಪ್ಪಾದರೆ ಆ ನೀರು ಕುಡಿಯಲು ಬೇಡ. ಕಪ್ಪಾಗದಿದ್ದರೆ ವೈರಸ್ಸು ಇಲ್ಲವೇ ಇಲ್ಲ ಎಂದು ಹೇಳಲಾಗದಿದ್ದರೂ ಸದ್ಯಕ್ಕೆ ಸಮಾಧಾನ. ಕಪ್ಪಾದ ಸೀಸೆಯೊಳಗೆ ರೋಗಾಣುಗಳು ಬೆಳೆದಿರುವುದರಿಂದ ಮಕ್ಕಳು ಅದನ್ನು ತೆರೆಯಬಾರದು. ಮೇಷ್ಟ್ರೇ ಬ್ಲೀಚಿಂಗ್ ಪೌಡರ್ ಹಾಕಿ ಚೆಲ್ಲಬೇಕು.

ಒಂದು ಮನೆಗೆ ನಾಲ್ಕು ಸೀಸೆ ಬೇಕು. ನೀರು ಬಿಟ್ಟ ಮೊದಲ ನಿಮಿಷದ ನೀರಿಗೆ ಒಂದು, ಅರ್ಧ ತಾಸು ಹರಿದ ಮೇಲಿನದಕ್ಕೆ ಒಂದು, ಮಾಳಿಗೆಯ ಟ್ಯಾಂಕಿಗೆ ಒಂದು, ಅಡುಗೆಮನೆಯ ಕುಡಿಯುವ ಕೊಡಕ್ಕೆ ಒಂದು. ಮೊದಲನೆಯದು ಮಾತ್ರ ಕಪ್ಪಾದರೆ ಖಾಲಿ ಕೊಳವೆಯ ಕೆಲಸ, ಮುಂದಿನ ಸಲ ತಡೆದು ಕೊಡ ಹಿಡಿದರಾಯಿತು. ನಳದ ಎರಡೂ ಸೀಸೆಗಳು ತಿಳಿಯಾಗಿದ್ದು ಟ್ಯಾಂಕಿನದು ಕಪ್ಪಾದರೆ ಮಾಲಕರಿಗೆ ತೋರಿಸಬೇಕು. ಕೊಡದ್ದು ಮಾತ್ರ ಕಪ್ಪಾದರೆ ಮನೆಯವರೆಲ್ಲ ತಮ್ಮ ತಮ್ಮ ಕೈ ನೋಡಿಕೊಳ್ಳಬೇಕು. ನೀರು ಅರ್ಧ ತಾಸು ಹರಿದ ಮೇಲೂ ನಳದ ಸೀಸೆ ಕಪ್ಪಾಗುತ್ತಿದ್ದರೆ, ಅದೇ ಓಣಿಯ ಇನ್ನೆರಡು ಮನೆಗಳಲ್ಲಿಯೂ ಹಾಗೆಯೇ ಆದರೆ, ಎಲ್ಲಿಯೋ ಗಟಾರ ಕೊಳವೆಯೊಳಗೆ ಸೇರಿದೆ ಎಂದು ಲೆಕ್ಕ. ಆಗ ಎಲ್ಲರೂ ನೀರು ಕುದಿಸತೊಡಗಬೇಕು, ಮತ್ತು ದೊಡ್ಡವರೊಬ್ಬರು ಆ ಸೀಸೆಗಳನ್ನು ಬಿಗಿಯಾಗಿ ಮುಚ್ಚಿ ಚೀಲದಲ್ಲಿ ಹಾಕಿಕೊಂಡು ವಾರ್ಡಿನ ನೀರಿನ ಎಂಜಿನಿಯರರ ಮೇಜಿನ ಮೇಲೆ ಸಾಲಾಗಿ ಇಟ್ಟು ಬರಬೇಕು.